ಹಳೆ ಸ್ಪೀಕರ್ ಪೆಟ್ಟಿಗೆಯ ಮೆರುಗು ಸರಿಮಾಡುವುದು: ಕಲಿಯುವವರಿಗೆ ಟಿಪ್ಪಣಿ

ಸ್ಪೀಕರ್ ಪೆಟ್ಟಿಗೆ ಮಂಕಾಗಿದೆ, ಗೀರು ಬಿದ್ದಿದೆ ಅಂದ ಕೂಡಲೇ ಕೈ ಉಪ್ಪು ಕಾಗದದ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ನಮಗೆ ಕಾಣುವ ಮರ ಬರೀ ಒಂದು ತೆಳು ಹಾಳೆ. ಬಡಗಿಗಳು ಅದನ್ನು ವೆನೀರ್ ಅನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರ್‌ಗಿಂತ ಕಡಿಮೆ, ಈಚಿನ ಪೆಟ್ಟಿಗೆಗಳಲ್ಲಿ ಸುಮಾರು ಅರ್ಧ ಮಿಲಿಮೀಟರ್. ಒಳಗಿರುವುದು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್, ಅಂದರೆ ಮರದ ಚೂರನ್ನೋ ನಾರನ್ನೋ ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಅಂಚಿನಲ್ಲಿ ಸ್ವಲ್ಪ ಜಾಸ್ತಿ ಉಜ್ಜಿದರೂ ಸಾಕು, ವೆನೀರ್ ಸವೆದು ಬೋರ್ಡ್ ಇಣುಕುತ್ತದೆ. ಆಮೇಲೆ ಬಣ್ಣ ಬಳಿದು ಮುಚ್ಚಬೇಕು, ಇಲ್ಲವೇ ಹೊಸ ವೆನೀರ್ ಅಂಟಿಸಬೇಕು. ಬಹಳ ಸಲ ಮರ ಚೆನ್ನಾಗಿಯೇ ಇರುತ್ತದೆ, ಹಾಳಾಗಿರುವುದು ಮೇಲಿನ ಲೇಪ ಮಾತ್ರ.

ಮೊದಲು ಮೇಲ್ಮೈ ಯಾವುದೆಂದು ನೋಡಿ

ಕೆಲವು ಪೆಟ್ಟಿಗೆಗಳಲ್ಲಿ ಮರವೇ ಇರುವುದಿಲ್ಲ, ಮರದ ಚಿತ್ರ ಅಚ್ಚಾದ ವಿನೈಲ್ ಇರುತ್ತದೆ. ಒಂದೇ ವಿನ್ಯಾಸ ಮತ್ತೆ ಮತ್ತೆ ಕಂಡರೆ, ಹಿಂಬದಿಯ ಅಂಚಿನಲ್ಲಿ ಪ್ಲಾಸ್ಟಿಕ್‌ನಂತೆ ಸುರುಳಿ ಎದ್ದಿದ್ದರೆ ಅದು ವಿನೈಲ್. ಅದಕ್ಕೆ ತಿನ್ನರ್ ತಾಗಿಸಬೇಡಿ, ಉಪ್ಪು ಕಾಗದವೂ ಬೇಡ. ಬಣ್ಣದ ಮೇಣದ ಕಡ್ಡಿಯಿಂದ ಗೀರು ತುಂಬಿದರೆ ಮುಗಿಯಿತು.

ನಿಜವಾದ ವೆನೀರ್ ಆದರೆ ಲೇಪ ಯಾವುದೆಂದು ಗೊತ್ತಾಗಬೇಕು. ಪೆಟ್ಟಿಗೆಯ ಹಿಂದೆಯೋ ಅಡಿಯಲ್ಲೋ ಕಾಣದ ಜಾಗ ಹುಡುಕಿ. ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ತೆಗೆದುಕೊಂಡು ಒತ್ತಿ. ಅಂಟಂಟಾದರೆ ಅದು ಶೆಲ್ಯಾಕ್, ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಸ್ಪಿರಿಟ್‌ಗೆ ಜಗ್ಗದೆ ತಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನುವ ಲೇಪ. ಎರಡಕ್ಕೂ ಬಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್‌ನಂಥ ಗಟ್ಟಿ ಲೇಪ ಇರಬಹುದು. ಮೇಲೆ ಪದರವೇ ಇಲ್ಲದೆ, ಮರದ ರಂಧ್ರಗಳು ಬೆರಳಿಗೆ ಸಿಕ್ಕಿ, ನೀರಿನ ಹನಿ ಇಂಗಿ ಕಪ್ಪಾದರೆ ಅದು ಎಣ್ಣೆಯ ಮೆರುಗು. 1970ರಲ್ಲಿ ಬಂದ ಜೆಬಿಎಲ್ ಕಂಪನಿಯ ಎಲ್100 ಸ್ಪೀಕರ್ ಪೆಟ್ಟಿಗೆಯ ವಾಲ್ನಟ್ (ಅಕ್ರೋಟು ಮರ) ಈ ಬಗೆಯದು. ಕಲಿಯುವವರಿಗೆ ಇದೇ ಸುಲಭ ಅಂತ ನನ್ನ ಅನಿಸಿಕೆ. ಕೆರೆಯಲು ಪದರವಿಲ್ಲ, ಎಣ್ಣೆ ಮತ್ತೆ ಹಚ್ಚಿದರೆ ಹಳೆಯದರ ಜೊತೆ ಬೆರೆಯುತ್ತದೆ.

ಆಯಸ್ಕಾಂತ ಒಳಗಿದೆ, ಮರೆಯಬೇಡಿ

ಮೇಜು ಕುರ್ಚಿಯ ಪಾಠ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಪಾಲಿಶ್ ಮಾಡುವವರು ನುಣುಪಿಗೆ ಸ್ಟೀಲ್ ವುಲ್, ಅಂದರೆ ಉಕ್ಕಿನ ಸಣ್ಣ ಎಳೆಗಳ ಉಂಡೆ ಬಳಸುತ್ತಾರೆ. ಅದರ ಎಳೆ ಮುರಿದು ಪುಡಿಯಾಗುತ್ತದೆ, ಡ್ರೈವರ್‌ನ (ಪೆಟ್ಟಿಗೆಯೊಳಗೆ ಸದ್ದು ಹೊರಡಿಸುವ ಭಾಗದ) ಆಯಸ್ಕಾಂತ ಆ ಪುಡಿಯನ್ನು ಎಳೆದುಕೊಳ್ಳುತ್ತದೆ. ಡ್ರೈವರ್ ಒಳಗಿನ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಓಡಾಡುವ ಸಂದಿ ತುಂಬಾ ಕಿರಿದು. ಅಲ್ಲಿಗೆ ಕಬ್ಬಿಣದ ಎಳೆ ಹೊಕ್ಕರೆ ಹಾಡಿನ ಜೊತೆ ಕರಕರ ಸದ್ದು ಬರುತ್ತದೆ, ಹೊರಗೆ ತೆಗೆಯುವುದು ಬಲು ಕಷ್ಟ. ಸ್ಪೀಕರ್ ಹತ್ತಿರ ಸ್ಟೀಲ್ ವುಲ್ ತರಲೇಬೇಡಿ. ಬೂದು ಬಣ್ಣದ ನೈಲಾನ್ ಪ್ಯಾಡ್ ಅದೇ ಕೆಲಸ ಮಾಡುತ್ತದೆ.

ಸಾಧ್ಯವಾದರೆ ಡ್ರೈವರ್‌ಗಳನ್ನು ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಬಿಚ್ಚುವಾಗಲೂ ಹುಷಾರು. ಆಯಸ್ಕಾಂತ ಸ್ಕ್ರೂಡ್ರೈವರ್‌ನ ತುದಿಯನ್ನು ಎಳೆಯುತ್ತದೆ, ಜಾರಿದರೆ ನೇರ ಕೋನ್‌ಗೆ (ಡ್ರೈವರ್‌ನ ಮುಂದೆ ಅದುರುವ ತೆಳು ಹಾಳೆಗೆ) ತೂತು. ಒಂದು ಕೈಯನ್ನು ಕೋನ್‌ಗೆ ಅಡ್ಡ ಇಟ್ಟುಕೊಳ್ಳಿ. ಯಾವ ತಂತಿ ಯಾವ ಟರ್ಮಿನಲ್‌ಗೆ ಅಂತ ಫೋಟೋ ತೆಗೆದಿಡಿ. ಬಿಚ್ಚಲು ಮನಸ್ಸಿಲ್ಲವೇ? ರಟ್ಟು ಕತ್ತರಿಸಿ ಮುಂಭಾಗ ಮುಚ್ಚಿ, ಗಾಳಿ ಓಡಾಡಲು ಪೆಟ್ಟಿಗೆಯಲ್ಲಿ ಬಿಟ್ಟಿರುವ ಪೋರ್ಟ್‌ನ ತೂತಿಗೂ ಟೇಪ್ ಹಾಕಿ.

ಕಲೆಗಳು

ಕಲೆಯ ಬಣ್ಣವೇ ಅದು ಎಷ್ಟು ಆಳಕ್ಕಿದೆ ಅಂತ ಹೇಳುತ್ತದೆ. ಬಿಳಿ ಉಂಗುರವೆಂದರೆ ತೇವ ಲೇಪದಲ್ಲೇ ಸಿಕ್ಕಿಕೊಂಡಿದೆ. ಶೆಲ್ಯಾಕ್ ಅಥವಾ ಲ್ಯಾಕರ್ ಆದರೆ ಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ತಾಗಿಯೂ ತಾಗದಂತೆ ಸವರಿ. ಬಟ್ಟೆ ಒಂದೇ ಕಡೆ ನಿಲ್ಲಬಾರದು, ನಿಂತರೆ ಲೇಪ ಕಿತ್ತು ಬರುತ್ತದೆ.

ಕಪ್ಪು ಕಲೆ ಬೇರೆ ಕಥೆ. ಸ್ಪೀಕರ್ ಮೇಲೆ ಹೂಕುಂಡ ಇಟ್ಟ ಮನೆಗಳಲ್ಲಿ ಇದು ಸಾಮಾನ್ಯ. ನೀರು ಮರಕ್ಕೇ ಇಳಿದು, ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದ ಜೊತೆ ಸೇರಿ ಕಪ್ಪಾಗಿರುತ್ತದೆ. ಉಜ್ಜಿದರೆ ಕಲೆಗಿಂತ ಮೊದಲು ವೆನೀರ್ ಮುಗಿಯುತ್ತದೆ. ಇದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಲೇಪ ತೆಗೆದು, ಬಿಸಿನೀರಿನಲ್ಲಿ ಕರಗಿಸಿದ ಆಸಿಡ್ಡನ್ನು ಇಡೀ ಹಲಗೆಗೆ ಬ್ರಷ್‌ನಲ್ಲಿ ಹಚ್ಚಿ. ಕಲೆಯ ಮೇಲಷ್ಟೇ ಹಚ್ಚಿದರೆ ಅಲ್ಲಿ ಮಾತ್ರ ಬಿಳಚಿಕೊಳ್ಳುತ್ತದೆ. ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಹಲವು ಸಲ ಒರೆಸಿ. ನೀರು ಸುರಿಯಬೇಡಿ, ಎಂಡಿಎಫ್ ಊದಿಕೊಳ್ಳುತ್ತದೆ. ಆಸಿಡ್ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಪೂರ್ತಿ ಒರೆಸದೆ ಉಪ್ಪು ಕಾಗದ ಹಾಕಿದರೆ ಅದರ ಪುಡಿ ಮೂಗಿಗೆ ಹೋಗುತ್ತದೆ.

ವೆನೀರ್ ಗುಳ್ಳೆ ಎದ್ದಿದ್ದರೆ ಮರದ ಗೆರೆಯ ದಿಕ್ಕಿಗೇ ಬ್ಲೇಡಿನಿಂದ ಸೀಳಿ, ಸಿರಿಂಜಿನಲ್ಲಿ ಫೆವಿಕಾಲ್ ಬಿಟ್ಟು, ಪ್ಲಾಸ್ಟಿಕ್ ಹಾಳೆ ಹಾಸಿ ಭಾರ ಇಡಿ. ಮರುದಿನ ತೆಗೆದರಾಯಿತು.

ಬಣ್ಣ ಮತ್ತು ಎಣ್ಣೆ

ಸ್ಪೀಕರ್ ಜೋಡಿ ವಸ್ತು, ಅಲ್ವಾ? ಒಂದನ್ನು ಮಾತ್ರ ಹೊಳೆಯಿಸಿದರೆ ಇನ್ನೊಂದು ಹಳತಾಗಿ ಕಾಣುತ್ತದೆ. ವಾಲ್ನಟ್ ಬಿಸಿಲಿಗೆ ತಿಳಿಯಾಗುತ್ತಾ ಹೋಗುತ್ತದೆ. ಹಾಗಾಗಿ ಕಿಟಕಿ ಪಕ್ಕದ ಪೆಟ್ಟಿಗೆಯ ಬಣ್ಣವೇ ಬೇರೆ ಇರಬಹುದು. ಲೇಪ ತೆಗೆದ ಮರ ಎಣ್ಣೆ ಹಚ್ಚಿದಾಗ ಹೇಗೆ ಕಂಡೀತು ಅಂತ ತಿಳಿಯಲು ಟರ್ಪೆಂಟೈನ್ ಸವರಿ ನೋಡಿ. ಒದ್ದೆ ಇರುವಾಗ ಕಾಣುವ ಬಣ್ಣವೇ ಹೆಚ್ಚುಕಡಿಮೆ ಕೊನೆಯ ಬಣ್ಣ. ಎರಡೂ ಪೆಟ್ಟಿಗೆಯನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಸ್ಟೇನ್ (ಮರಕ್ಕೆ ಇಂಗುವ ಬಣ್ಣ) ಬೇಕೋ ಬೇಡವೋ ನಿರ್ಧರಿಸಿ.

ಮಳೆಗಾಲದಲ್ಲಿ ಶೆಲ್ಯಾಕ್ ಕೆಲಸ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಒಣಗುವಾಗಲೇ ಬೆಳ್ಳಗಾಗುತ್ತದೆ. ಕರಾವಳಿಯವರು ಬೇಸಿಗೆವರೆಗೆ ಕಾಯುವುದೇ ಒಳ್ಳೆಯದು.

ಎಣ್ಣೆಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ ಆಯಿಲ್ (ಬೇಗ ಒಣಗುವಂತೆ ಹದ ಮಾಡಿದ ಅಗಸೆ ಎಣ್ಣೆ) ಕೇಳಿ. ಅಡುಗೆಯ ಎಣ್ಣೆ ಯಾವುದೂ ಬೇಡ, ಹೆಚ್ಚಿನವು ಒಣಗದೆ ಜಿಗುಟಾಗಿಯೇ ಉಳಿಯುತ್ತವೆ. ತೆಳುವಾಗಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಇಂಗದೆ ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಅಂಗಳದಲ್ಲಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.