ಹೆಸರು ಅಳಿಸಿದರೇನು, ಗುಂಟೆ ಹೇಳುತ್ತದೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಸಂಶೋಧನಾ ವಿದ್ಯಾರ್ಥಿಗಳಿಗೆ, ಆಗೊಮ್ಮೆ ಈಗೊಮ್ಮೆ ಸರ್ಕಾರಿ ಇಲಾಖೆಗಳಿಗೆ, ಜನರ ಮಾಹಿತಿಯನ್ನು ಹೊರಗೆ ಕೊಡುವ ಮೊದಲು ಹೇಗೆ ಹಸನು ಮಾಡಬೇಕೆಂದು ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ಬಂದಳು. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನ ಮೂರು ವರ್ಷಗಳ ಹೆರಿಗೆಯ ವಿವರ ಅದರಲ್ಲಿತ್ತು.

"ಹೆಸರು, ಫೋನ್ ನಂಬರ್ ಎಲ್ಲ ತೆಗೆದೇ ಕೊಟ್ಟಿದ್ದಾರೆ ಸರ್" ಎಂದಳು.

ಎಕ್ಸೆಲ್ ಹಾಳೆ ತೆರೆದೆ. ಮೇಲ್ಗಡೆ ಎ ಕಾಲಂ ಆದ ಮೇಲೆ ನೇರವಾಗಿ ಡಿ ಇತ್ತು. ಬಿ ಮತ್ತು ಸಿ ಎಲ್ಲಿ ಹೋದವು? ಮೌಸ್‌ನ ಬಲಗುಂಡಿ ಒತ್ತಿ 'ಅನ್‌ಹೈಡ್' ಎಂದೆ. ತಾಯಂದಿರ ಹೆಸರು, ಗಂಡಂದಿರ ಮೊಬೈಲ್ ನಂಬರುಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ಎದ್ದು ನಿಂತವು. ಕಾಲಂಗಳನ್ನು ಅಳಿಸಿರಲಿಲ್ಲ, ಮಡಿಚಿಟ್ಟಿದ್ದರು.

ಅವೆರಡನ್ನೂ ನಿಜವಾಗಿ ಅಳಿಸಿದೆವು. ಆಮೇಲೆ ಕೇಳಿದೆ: "ನಿಮ್ಮದು ಇದೇ ತಾಲ್ಲೂಕಲ್ಲವೇನಮ್ಮಾ? ನಿಮ್ಮ ಊರಿನ ಸಾಲುಗಳನ್ನಷ್ಟೇ ಇಟ್ಟುಕೊಂಡು ಓದು." ಉಳಿದದ್ದು ಹನ್ನೊಂದು ಸಾಲು. ಅವುಗಳಲ್ಲಿ ವಯಸ್ಸು, ಎಷ್ಟನೆಯ ಹೆರಿಗೆ, ಯಾವ ತಾರೀಕು, ಎಲ್ಲಿ ಆಯಿತು, ಮಗುವಿನ ತೂಕ, ಹಿಂದಿನ ಬಸಿರುಗಳ ವಿವರ ಇವೆ, ಹೆಸರಿಲ್ಲ. ಮೂರನೆಯ ಸಾಲಿಗೆ ಬಂದವಳು ನಿಂತುಬಿಟ್ಟಳು. ತಡವಾಗಿ ಬಸಿರಾದವರು, ಅವಳಿ ಮಕ್ಕಳು, ಹೆರಿಗೆ ಆದದ್ದು ಊರಹಬ್ಬದ ಮಾರನೆಯ ದಿನ. ಇಷ್ಟು ಸಾಕಾಗಿತ್ತು. "ಇವರು ನಮ್ಮ ಬೀದಿಯವರು ಸರ್" ಎಂದಳು. ಅದರ ಪಕ್ಕದ ಕಾಲಂನಲ್ಲಿ ಆ ಬೀದಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಮೇಲಿನ ವಿವರಗಳನ್ನೂ ಬದಲಿಸಿಯೇ ಬರೆದಿದ್ದೇನೆ.

ನಮ್ಮ ಶಾಸ್ತ್ರದ ಪುಸ್ತಕಗಳಲ್ಲಿ ಗುಟ್ಟು ಬಿಡಿಸುವವನೆಂದರೆ ಎಲ್ಲೋ ದೂರದಲ್ಲಿ ಕುಳಿತ ಜಾಣ ಹ್ಯಾಕರ್. ನಮ್ಮ ಕಡೆ ಆ ಕೆಲಸ ಮಾಡುವವರು ಅರಳಿಕಟ್ಟೆಯ ಮೇಲೆ ಕುಳಿತವರು, ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು, ಗಂಡನ ಮನೆಯ ಕಡೆಯ ಅತ್ತೆಯರು. ಅವರಿಗೆ ಕಂಪ್ಯೂಟರ್ ಬೇಡ. ಯಾರು ಯಾವಾಗ ತವರಿಗೆ ಹೋದರು, ಯಾರಿಗೆ ಯಾವ ಆಸ್ಪತ್ರೆ ಎಂಬುದೆಲ್ಲ ಬಾಯಲ್ಲೇ ಇರುತ್ತದೆ. ಪಟ್ಟಿಯನ್ನು ಅವರ ಕೈಗೆ ಕೊಟ್ಟರೆ ಅಳಿಸಿದ ಹೆಸರನ್ನು ಮತ್ತೆ ಬರೆದುಕೊಡುತ್ತಾರೆ.

ಇದಕ್ಕೆ ಅಮೆರಿಕದ ಒಂದು ಹಳೆಯ ಪ್ರಸಂಗವನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗವು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತು. ಆಗ ಗವರ್ನರ್ ಆಗಿದ್ದವರು ವಿಲಿಯಂ ವೆಲ್ಡ್. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು, ಗವರ್ನರ್ ವಾಸವಿದ್ದ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡು ತಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಗವರ್ನರರ ಪಿನ್‌ಕೋಡಿನಲ್ಲಿ ಇದ್ದವರು ಒಬ್ಬರೇ. ಗವರ್ನರರ ಕಾಯಿಲೆಯ ವಿವರ ಸಿಕ್ಕಿಬಿಟ್ಟಿತು. ಹುಟ್ಟಿದ ದಿನಾಂಕ, ಪಿನ್‌ಕೋಡ್, ಗಂಡೋ ಹೆಣ್ಣೋ ಎಂಬ ಮೂರೇ ಸಂಗತಿಗಳಿಂದ ಅಮೆರಿಕನ್ನರಲ್ಲಿ ಶೇಕಡ 87ರಷ್ಟು ಜನರನ್ನು ಗುರುತಿಸಬಹುದೆಂದು ಅವರು 2000ದಲ್ಲಿ ಲೆಕ್ಕ ಕೊಟ್ಟರು. ಬೇರೆಯವರು ಆಮೇಲೆ ಲೆಕ್ಕ ಹಾಕಿದಾಗ ಈ ಪ್ರಮಾಣ ತಗ್ಗಿತು, ಆದರೂ ಅರ್ಧಕ್ಕಿಂತ ಮೇಲೆಯೇ ಉಳಿಯಿತು.

ನಮ್ಮ ಮಂಡ್ಯ, ಮೈಸೂರಿನ ಕಡೆ ಕೇಂಬ್ರಿಡ್ಜ್ ಮತದಾರರ ಪಟ್ಟಿಯ ಜಾಗದಲ್ಲಿ ಏನಿದೆ? ನನ್ನನ್ನು ಕೇಳಿದರೆ, ಪಹಣಿ.

ಭೂಮಿ ಯೋಜನೆಯಿಂದಾಗಿ ಪಹಣಿ ಈಗ ಕಂಪ್ಯೂಟರಿನಲ್ಲಿದೆ. ಸರ್ವೆ ನಂಬರ್ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಶ್ಯಾನುಭೋಗರ ಪೆಟ್ಟಿಗೆಯಿಂದ ದಾಖಲೆ ಹೊರಬಂದದ್ದು ಒಳ್ಳೆಯದೇ. ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ತೆರೆದಿದೆ ಎಂಬುದನ್ನು ಬೇರೆ ಪಟ್ಟಿ ಕೊಡುವವರು ಮರೆಯುತ್ತಾರೆ. ಒಮ್ಮೆ ಒಂದು ಕಚೇರಿಯವರು ಬೆಳೆ ಪರಿಹಾರದ ಪಟ್ಟಿಯನ್ನು ಸಂಶೋಧನೆಗೆಂದು ಕೊಡುವ ಮೊದಲು ನನಗೆ ತೋರಿಸಿದರು. ಹೆಸರಿಲ್ಲ, ಆಧಾರ್ ಇಲ್ಲ, ಸರ್ವೆ ನಂಬರೂ ಇಲ್ಲ. ಗ್ರಾಮ, ಬೆಳೆ, ವಿಸ್ತೀರ್ಣ, ಸಂದ ಹಣ, ಇಷ್ಟೇ. ವಿಸ್ತೀರ್ಣದ ಕಾಲಂನಲ್ಲಿ 1-13-08 ಎಂದಿತ್ತು. ಅಂದರೆ ಒಂದು ಎಕರೆ, ಹದಿಮೂರು ಗುಂಟೆ, ಎಂಟು ಆಣೆ. ನಲವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಊರುಗಳಲ್ಲಿ ಅಜ್ಜ, ಅಪ್ಪ, ಮಕ್ಕಳು ಎಂದು ಪಾಲಾಗುತ್ತ ಬಂದ ಗದ್ದೆಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದೇ ಅಪರೂಪ. ಅಣ್ಣತಮ್ಮಂದಿರ ಪಾಲಿನಲ್ಲೂ ಬದುವಿನ ಲೆಕ್ಕದಲ್ಲಿ ಎರಡು ಆಣೆ ಹೆಚ್ಚುಕಡಿಮೆ ಇರುತ್ತದೆ. ಒಂದು ಗ್ರಾಮದ ಸರ್ವೆ ನಂಬರುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ 1-13-08 ಯಾರದೆಂದು ಸಿಗುತ್ತದೆ. ಜೊತೆಗೆ ಅವರ ಜಮೀನಿನ ಮೇಲಿನ ಋಣವೂ ಕಾಣುತ್ತದೆ.

"ಆಣೆ, ಗುಂಟೆ ಬಿಟ್ಟು ಒಂದರಿಂದ ಎರಡು ಎಕರೆ ಎಂದು ಬರೆಯಿರಿ" ಎಂದೆ.

"ಲೆಕ್ಕ ತಾಳೆಯಾಗಬೇಕಲ್ಲ ಸಾರ್, ಆಡಿಟ್‌ನವರು ಕೇಳುತ್ತಾರೆ" ಎಂದರು.

ಆಡಿಟ್‌ಗೆ ಕೊಡುವ ಪಟ್ಟಿ ಬೇರೆ, ಸಂಶೋಧಕರಿಗೆ ಕೊಡುವ ಪಟ್ಟಿ ಬೇರೆ ಎಂದು ಒಪ್ಪಿಸಲು ಎರಡು ಕಾಫಿಯಷ್ಟು ಹೊತ್ತು ಹಿಡಿಯಿತು.

ಇನ್ನು ಕೆಲವು ಜಾಣರು ಫೋನ್ ನಂಬರನ್ನು ಸಂಕೇತಕ್ಕೆ ತಿರುಗಿಸಿ ಕೊಡುತ್ತಾರೆ. 'ಹ್ಯಾಶ್ ಮಾಡಿದ್ದೇವೆ, ವಾಪಸ್ ತಿರುಗಿಸಲು ಬರುವುದಿಲ್ಲ' ಎನ್ನುತ್ತಾರೆ. ತಿರುಗಿಸಬೇಕಾಗಿಯೇ ಇಲ್ಲ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಗಳು. ಎಲ್ಲ ಸೇರಿ 400 ಕೋಟಿಗಿಂತ ಹೆಚ್ಚಿಲ್ಲ. ಅಷ್ಟಕ್ಕೂ ಅದೇ ಸಂಕೇತ ಹಾಕಿ ಹೋಲಿಸಿ ನೋಡುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. 2014ರಲ್ಲಿ ನ್ಯೂಯಾರ್ಕ್ ನಗರದ ಟ್ಯಾಕ್ಸಿ ಓಡಾಟದ ದಾಖಲೆಗಳು ಹೊರಬಂದಾಗ ಟ್ಯಾಕ್ಸಿಗಳ ನಂಬರನ್ನು ಹೀಗೆಯೇ ಬಿಡಿಸಿದರು.

ಮಾಹಿತಿಯ ವ್ಯಾಪಾರದ ಮಾತಿಗೆ ಬಂದರೆ, ಮೊಮ್ಮಗಳ ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗೆ ಬಂದ ಕಾಲೇಜುಗಳ ಕರೆಗಳನ್ನು ನಾನು ಎಣಿಸುವುದನ್ನೇ ಬಿಟ್ಟೆ. ಯಾರು ಮಾರಿದರೋ ಗೊತ್ತಿಲ್ಲ. ಆದರೆ ಸರ್ಕಾರವೇ ಬೆಲೆಪಟ್ಟಿ ಹಾಕಿ ಮಾರಿದ್ದೂ ಉಂಟು. 2019ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ವಾಹನ ನೋಂದಣಿ ಮತ್ತು ಚಾಲನಾ ಪರವಾನಗಿಯ ಮಾಹಿತಿಯನ್ನು ಸಗಟಾಗಿ ಕೊಡುವ ನೀತಿ ತಂದಿತು. ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ, ಸಂಶೋಧನೆಗೆ ಕೇಳುವ ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷ. ದುರ್ಬಳಕೆಯ, ಖಾಸಗಿತನದ ಆತಂಕ ಎದ್ದು 2020ರ ಜೂನ್‌ನಲ್ಲಿ ಅದನ್ನು ಕೈಬಿಟ್ಟಿತು. ಮಾರಾಟದಿಂದ 111 ಕೋಟಿ ರೂಪಾಯಿಗೂ ಮಿಕ್ಕಿ ಬಂದಿತ್ತೆಂದು 2021ರಲ್ಲಿ ಸಂಸತ್ತಿಗೆ ಉತ್ತರ ಸಿಕ್ಕಿತು. ಸ್ಕೂಟರ್ ನೋಂದಣಿಗೆ ಹೋದವರು ಕೊಟ್ಟ ಮಾಹಿತಿ ಅದು. ಕಾನೂನಿಗೆ ಹೆದರಿ ಕೊಟ್ಟದ್ದನ್ನು ಸಂತೆಗೆ ಒಯ್ದರೆ ಬೇಲಿ ಹೊಲ ಮೇಯ್ದಂತೆಯೇ. ನೀತಿ ಹಿಂದೆ ಬಂದರೂ ಮಾರಿದ್ದು ಹಿಂದೆ ಬರಲಿಲ್ಲ.

ಕಾನೂನು ಈಗ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅದರ ಬೆನ್ನಿಗೆ, ಬಹಳ ಎಳೆದಾಡಿ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು; ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಾಯ್ದೆಯ 17ನೆಯ ಕಲಮು ಸಂಶೋಧನೆಗೆ, ಅಂಕಿಅಂಶದ ಕೆಲಸಕ್ಕೆ ವಿನಾಯಿತಿ ಕೊಡುತ್ತದೆ. ಅದಕ್ಕೊಂದು ಷರತ್ತಿದೆ: ಆ ಮಾಹಿತಿಯಿಂದ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ನಿರ್ಧಾರ ಕೈಗೊಳ್ಳಬಾರದು. ಇಡೀ ಕಾಯ್ದೆಯಲ್ಲಿ ನನಗೆ ಹಿಡಿಸಿದ ಸಾಲು ಇದು. ಸಂಶೋಧಕರು ಕೇಳಬೇಕಾದದ್ದು 'ಈ ಊರಿನಲ್ಲಿ ಏನಾಗುತ್ತಿದೆ' ಎಂದು. 'ಇವನ ರೇಷನ್ ಕಾರ್ಡು ರದ್ದು ಮಾಡಬೇಕೇ' ಎಂಬುದು ಇಲಾಖೆಯ ಪ್ರಶ್ನೆ, ಅದಕ್ಕೆ ನೋಟಿಸು, ವಿಚಾರಣೆ, ಮೇಲ್ಮನವಿ ಎಲ್ಲ ಇರಬೇಕು. 2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದ ಗದ್ದಲ ಎದ್ದಿತಲ್ಲ, ಪಟ್ಟಿಯೊಂದಿಗೆ ಪಟ್ಟಿ ತಾಳೆ ಹಾಕುವುದರ ಅಪಾಯ ಅಲ್ಲಿಯೇ ಇರುವುದು. ಬ್ಯಾಂಕ್ ಸಾಲಕ್ಕೆಂದು ಶೂನ್ಯ ತೆರಿಗೆಯ ರಿಟರ್ನ್ಸ್ ಹಾಕಿದವರೂ ಕಂಪ್ಯೂಟರಿನ ಕಣ್ಣಿಗೆ ಸಾಹುಕಾರರಾಗಿ ಕಾಣಬಹುದು.

ಹಾಗೆಂದು ಎಲ್ಲ ಬಾಗಿಲನ್ನೂ ಜಡಿಯುವುದು ನನ್ನ ಪಕ್ಷವಲ್ಲ. ಗುಟ್ಟನ್ನು ಕೇಳದೆಯೇ ಗುಟ್ಟಿನ ಲೆಕ್ಕ ತೆಗೆಯುವ ವಿದ್ಯೆಯೊಂದಿದೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬವರು ಅದನ್ನು ಮುಂದಿಟ್ಟರು. ಅದರ ಸರಳ ರೂಪವನ್ನು ನಾನು ಹೀಗೆ ಕಲಿಸುತ್ತೇನೆ. ಕಾರ್ಖಾನೆಗೆ ಕಬ್ಬು ಒಪ್ಪಿಕೊಂಡು ಆಲೆಮನೆಗೆ ಹೊಡೆದವರು ಎಷ್ಟು ಮಂದಿ ಎಂದು ತಿಳಿಯಬೇಕು. ನೇರ ಕೇಳಿದರೆ ಯಾವ ರೈತರೂ ಒಪ್ಪುವುದಿಲ್ಲ. ಒಂದು ರೂಪಾಯಿ ನಾಣ್ಯ ಕೊಡಿ. ಮರೆಯಲ್ಲಿ ಚಿಮ್ಮಲಿ. ಸಿಂಹದ ಮುಖ ಬಿದ್ದರೆ, ನಿಜ ಏನೇ ಇರಲಿ, 'ಹೌದು' ಎನ್ನಲಿ. ಇನ್ನೊಂದು ಮುಖ ಬಿದ್ದರೆ ಇದ್ದದ್ದು ಇದ್ದಂತೆ ಹೇಳಲಿ. 200 ರೈತರಲ್ಲಿ 130 ಮಂದಿ 'ಹೌದು' ಎಂದರು ಎನ್ನೋಣ. ಅವರಲ್ಲಿ ಸುಮಾರು 100 ನಾಣ್ಯ ಹೇಳಿಸಿದ ಹೌದು. ಉಳಿದ 100 ಜನರಲ್ಲಿ 30, ಅಂದರೆ ಶೇಕಡ 30. ಯಾವ ರೈತ 'ಹೌದು' ಎಂದರೂ ಅದು ಅವನ ಮಾತೋ ನಾಣ್ಯದ್ದೋ ಕೇಳಿದವರಿಗೂ ಗೊತ್ತಿಲ್ಲ, ಕಾರ್ಖಾನೆಗೂ ಗೊತ್ತಾಗುವುದಿಲ್ಲ. ಇದು ಬಿಟ್ಟಿಯಲ್ಲ. ನೇರ ಪ್ರಶ್ನೆಗೆ ಎಲ್ಲರೂ ನಿಜ ಹೇಳಿದ್ದರೆ ಸಿಗುತ್ತಿದ್ದಷ್ಟೇ ಖಚಿತ ಉತ್ತರ ಬೇಕೆಂದರೆ ನಾಲ್ಕರಷ್ಟಕ್ಕಿಂತ ಹೆಚ್ಚು ರೈತರನ್ನು ಕೇಳಬೇಕು. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಜೊತೆಗಾರರು ಕಟ್ಟಿದ, ಅಮೆರಿಕ 2020ರ ಜನಗಣತಿಗೆ ಬಳಸಿದ ಗಣಿತದ ಒಳಗೂ ಇದೇ ಉಪಾಯವಿದೆ: ಬೇಕೆಂದೇ, ಲೆಕ್ಕವಿಟ್ಟು, ಅಂಕಿಗಳಲ್ಲಿ ಒಂದಿಷ್ಟು ಏರುಪೇರು ಬೆರೆಸುವುದು.

ಆದರೆ ಆ ಹುಡುಗಿಯ ಪೆನ್‌ಡ್ರೈವ್‌ಗೆ ನಾಣ್ಯ ನಡೆಯುವಂತಿರಲಿಲ್ಲ. ಹೆರಿಗೆಗಳು ಆಗಲೇ ಆಗಿಹೋಗಿದ್ದವು. ಅವಳ ಸಂಶೋಧನೆಯ ವಿಷಯ ನಿಮಗೆ ಹೇಳಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದುದು ಬಯಲಾಯಿತಲ್ಲ, ಅದರ ಬೆನ್ನು ಹತ್ತಿದವಳು ಇವಳು. ಮೊದಲೆರಡೂ ಹೆಣ್ಣಾದ ಮನೆಗಳಲ್ಲಿ ಮೂರನೆಯ ಮಗು ಏನಾಯಿತು ಎಂದು ಹೋಬಳಿವಾರು ಎಣಿಸಿದ್ದಳು. ಒಂದು ಹೋಬಳಿಯಲ್ಲಿ 'ಹೆಣ್ಣು' ಎಂಬ ಚೌಕದಲ್ಲಿ 3 ಎಂದಿತ್ತು ಎಂದಿಟ್ಟುಕೊಳ್ಳಿ. ಐದಕ್ಕಿಂತ ಕಡಿಮೆ ಇದ್ದರೆ ಅಂಕಿಯ ಬದಲು ನಕ್ಷತ್ರ ಹಾಕುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಒಂದೇ ಹೋಬಳಿಗೆ ಹಾಕಿದರೆ ಸಾಲದು. ತಾಲ್ಲೂಕಿನ ಒಟ್ಟಿನಿಂದ ಉಳಿದವನ್ನು ಕಳೆದರೆ 3 ಮತ್ತೆ ಬರುತ್ತದೆ. ಹಾಗಾಗಿ ಇನ್ನೊಂದು ಹೋಬಳಿಗೂ ನಕ್ಷತ್ರ.

"ಸರ್, ಆ 3 ಎನ್ನುವುದೇ ನನ್ನ ಪ್ರಬಂಧ. ಅಷ್ಟು ಕಡಿಮೆ ಇದೆ ಎಂದು ತೋರಿಸುವುದಕ್ಕೇ ಇಷ್ಟೆಲ್ಲ ಮಾಡಿದ್ದು. ಅದನ್ನೇ ಮುಚ್ಚಿದರೆ?"

ಮೂವತ್ತು ವರ್ಷ ಕಲಿಸಿದವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಟ್ಟದೆ ಹೋದ ಹೆಣ್ಣುಮಕ್ಕಳ ಲೆಕ್ಕವನ್ನು, ಹುಟ್ಟಿದ ಮೂವರ ಮನೆ ಬಾಗಿಲು ತೋರಿಸದೆ ಹೇಳಬೇಕಿತ್ತು. ಮಧ್ಯಾಹ್ನದವರೆಗೆ ಕೂಡಿಸಿ ಕಳೆದು ನೋಡಿದೆವು. ಕೊನೆಗೆ ಊರನ್ನೂ ಹೋಬಳಿಯನ್ನೂ ಬಿಟ್ಟು, ಮೂರು ವರ್ಷಗಳನ್ನು ಒಟ್ಟು ಸೇರಿಸಿ, ತಾಲ್ಲೂಕನ್ನು ನಾಲೆ ನೀರಿನ ಕಡೆ, ಮಳೆ ನಂಬಿದ ಕಡೆ ಎಂದು ಎರಡೇ ಭಾಗ ಮಾಡಿದಳು. ಎಲ್ಲ ಚೌಕಗಳಲ್ಲೂ ಎರಡಂಕಿ ಬಂತು, ಗಂಡು ಹೆಣ್ಣಿನ ಅಂತರವೂ ಕಣ್ಣಿಗೆ ಹೊಡೆಯುವಂತೆ ಉಳಿಯಿತು. ನೀರಿನ ಕಡೆಗೂ ಒಣಭೂಮಿಗೂ ಇರುವ ವ್ಯತ್ಯಾಸ ಅವಳು ಮೊದಲು ಎಣಿಸಿರದ ಹೊಸ ಪ್ರಶ್ನೆಯಾಯಿತು.

ಹೊರಡುವಾಗ ಆ ಕಚೇರಿಗೆ ಫೋನ್ ಮಾಡಿ ಹೇಳಿಬಿಡಮ್ಮಾ ಎಂದೆ, ಇದೇ ಹಾಳೆಯನ್ನು ಬೇರೆಯವರಿಗೂ ಕೊಟ್ಟಿರಬಹುದು. ನನ್ನ ಎದುರಿಗೇ ಮಾಡಿದಳು. ಬಿ ಮತ್ತು ಸಿ ಕಾಲಂಗಳಲ್ಲಿ ಹೆಸರು, ನಂಬರು ಹಾಗೆಯೇ ಇವೆ ಎಂದು ಎರಡು ಸಲ ಬಿಡಿಸಿ ಹೇಳಿದಳು. ಆ ಕಡೆಯವರು ಹಾಳೆಯನ್ನು ತೆರೆದು ನೋಡಿದರೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಮೌನವಿತ್ತು.

"ನಮ್ಮ ಕಂಪ್ಯೂಟರಿನಲ್ಲಿ ಕಾಣಿಸುತ್ತಿಲ್ಲವಲ್ಲ ಮೇಡಂ" ಎಂದರಂತೆ.