ದಿನನಿತ್ಯದ ಸನ್‌ಸ್ಕ್ರೀನ್: ಆಯ್ಕೆ, ಅಳತೆ, ಹಚ್ಚುವ ಕ್ರಮ

ಪ್ರತಿವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಬೆಂಗಳೂರು ಮತ್ತು ಮಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನಡು ಮಧ್ಯಾಹ್ನ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣಗಳು ವಾತಾವರಣದಲ್ಲಿ ಸಾಗಿ ಬರುವ ದಾರಿ ಅತಿ ಚಿಕ್ಕದು. ಓಝೋನ್ ಪದರ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ, ನೇರಳಾತೀತ ಕಿರಣ (ಯುವಿ) ಹೆಚ್ಚು ಇಳಿದು ಬರುತ್ತದೆ. ಸನ್‌ಸ್ಕ್ರೀನ್ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ ಕೋನ. ಥರ್ಮಾಮೀಟರ್ ಅಲ್ಲ.

ಬಿಸಿಯೇ ಬೇರೆ, ಯುವಿಯೇ ಬೇರೆ

ಮೈಗೆ ಬಿಸಿ ತಾಗಿಸುವುದು ಮುಖ್ಯವಾಗಿ ಅವಕೆಂಪು ಮತ್ತು ಕಣ್ಣಿಗೆ ಕಾಣುವ ಬೆಳಕು. ನೇರಳಾತೀತ ಕಿರಣ ಮೈಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಮೇ ತಿಂಗಳ ಕಲಬುರಗಿಯಲ್ಲಿ 42 ಡಿಗ್ರಿ, ಬೆಂಗಳೂರಿನಲ್ಲಿ 34 ಡಿಗ್ರಿ ಇದ್ದರೂ ಯುವಿ ವಿಚಾರದಲ್ಲಿ ಬೆಂಗಳೂರಿನವರು ಸುರಕ್ಷಿತರೇನಲ್ಲ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೇರಿದರೆ ಯುವಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಬೆಂಗಳೂರು 900 ಮೀಟರ್ ಮೇಲಿದೆ, ಮಡಿಕೇರಿ ಇನ್ನೂ ಮೇಲೆ. ತಣ್ಣನೆಯ ಗಾಳಿ ಬೀಸುತ್ತಿದೆ ಎಂದು ಬಿಸಿಲಲ್ಲಿ ಗಂಟೆಗಟ್ಟಲೆ ಓಡಾಡಿ ಮುಖ ಕಪ್ಪಾಗಿಸಿಕೊಂಡು ಬರುವುದು ಅಲ್ಲಿಯೇ ಹೆಚ್ಚು.

ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ಇರುತ್ತದೆ. 3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ರಕ್ಷಣೆ ಬೇಕಿಲ್ಲ. 3ರಿಂದ ಮೇಲೆ ಬೇಕು. 8ರಿಂದ 10 ಅತಿ ಹೆಚ್ಚು, 11 ದಾಟಿದರೆ ತೀವ್ರ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ನಡುಹಗಲಿನಲ್ಲಿ 11 ದಾಟುವುದು ಮಾಮೂಲು. ಫೋನ್ ಇಲ್ಲದಿದ್ದರೆ ನೆರಳು ನೋಡಿ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಯುವಿ ಬಲವಾಗಿದೆ. ತೆಳು ಮೋಡ ಯುವಿಯ ಬಹುಪಾಲನ್ನು ಒಳಬಿಡುತ್ತದೆ. ಆಷಾಢದ ಕಪ್ಪು ಮೋಡ ದಟ್ಟವಾಗಿ ಕವಿದ ದಿನದ ಮಾತು ಬೇರೆ. ಆಗ ಸೂಚ್ಯಂಕ ನೋಡಿ ಬಿಟ್ಟರೂ ನಡೆಯುತ್ತದೆ.

ಟ್ಯೂಬಿನ ಮೇಲಿನ ಎರಡು ಗುರುತುಗಳು

ನೆಲ ಮುಟ್ಟುವ ನೇರಳಾತೀತ ಕಿರಣ ಎರಡು ಬಗೆ. ಯುವಿಬಿ (280–315 ನ್ಯಾನೊಮೀಟರ್) ಚರ್ಮವನ್ನು ಸುಟ್ಟು ಕೆಂಪಾಗಿಸುತ್ತದೆ. ಯುವಿಎ (315–400) ಇನ್ನೂ ಆಳಕ್ಕಿಳಿದು ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ. ಎಸ್‌ಪಿಎಫ್ ಎಂಬ ರಕ್ಷಣಾಂಕ ಅಳೆಯುವುದು ಚರ್ಮ ಕೆಂಪಾಗುವುದನ್ನು, ಅಂದರೆ ಹೆಚ್ಚಾಗಿ ಯುವಿಬಿಯ ಕೆಲಸವನ್ನು. ಯುವಿಎ ರಕ್ಷಣೆ ತಿಳಿಯಲು ಪಿಎ ಗುರುತು ನೋಡಬೇಕು. ಇದು ಜಪಾನಿನಿಂದ ಬಂದ ಪದ್ಧತಿ. ಪಿಎ+ ಎಂದರೆ ಯುವಿಎ ರಕ್ಷಣಾಂಕ 2ರಿಂದ 4, ಎರಡು ಪ್ಲಸ್‌ಗೆ 4ರಿಂದ 8, ಮೂರಕ್ಕೆ 8ರಿಂದ 16, ನಾಲ್ಕಕ್ಕೆ 16 ಮತ್ತು ಮೇಲೆ. ಐರೋಪ್ಯ ಟ್ಯೂಬುಗಳಲ್ಲಿ ವೃತ್ತದೊಳಗೆ ಯುವಿಎ ಎಂದಿದ್ದರೆ, ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂದರ್ಥ.

ಗೋಧಿ, ಕಂದು ಬಣ್ಣದ ಚರ್ಮದವರಿಗೆ ಬಿಸಿಲಿಂದ ಸುಟ್ಟು ಸಿಪ್ಪೆ ಏಳುವುದಕ್ಕಿಂತ ಹೆಚ್ಚಿನ ತೊಂದರೆ ಬಂಗು, ಮೊಡವೆಯ ಕಲೆ, ಬಣ್ಣದ ಏರುಪೇರು. ಆದ್ದರಿಂದ ನಾವು ಕೊಳ್ಳುವಾಗ ಎಸ್‌ಪಿಎಫ್‌ನಷ್ಟೇ ಗಮನ ಪಿಎ ಕಡೆಗೂ ಇರಬೇಕು. ಪಿಎ ಗುರುತೂ ಇಲ್ಲದ, 'ಬ್ರಾಡ್ ಸ್ಪೆಕ್ಟ್ರಮ್' (ಯುವಿಎ, ಯುವಿಬಿ ಎರಡನ್ನೂ ತಡೆಯುವುದು) ಎಂಬ ಮಾತೂ ಇಲ್ಲದ ಎಸ್‌ಪಿಎಫ್ 50ನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಎಸ್‌ಪಿಎಫ್ 15 ಸುಡುವ ಕಿರಣದ ಸುಮಾರು ಶೇ. 93ನ್ನು ತಡೆಯುತ್ತದೆ, 30 ಶೇ. 97ನ್ನು, 50 ಶೇ. 98ನ್ನು. 30ಕ್ಕೂ 50ಕ್ಕೂ ವ್ಯತ್ಯಾಸ ಬರೀ ಶೇ. 1 ಎಂದು ಹಲವರು ಹೇಳುತ್ತಾರೆ. ಚರ್ಮದ ಕಡೆಯಿಂದ ಲೆಕ್ಕ ಹಾಕಿದರೆ ಒಳನುಗ್ಗುವುದು ಒಂದರಲ್ಲಿ ಶೇ. 3.3, ಇನ್ನೊಂದರಲ್ಲಿ ಶೇ. 2. ವ್ಯತ್ಯಾಸ ಸಣ್ಣದಲ್ಲ. 'ಎಸ್‌ಪಿಎಫ್ 50 ಹಚ್ಚಿದರೆ 50 ಪಟ್ಟು ಹೊತ್ತು ಬಿಸಿಲಲ್ಲಿರಬಹುದು' ಎನ್ನುವ ಲೆಕ್ಕವೂ ತಪ್ಪು. ಬೆಳಗ್ಗೆ 8ರ ಒಂದು ಗಂಟೆಯೂ ಮಧ್ಯಾಹ್ನ 12ರ ಒಂದು ಗಂಟೆಯೂ ಒಂದೇ ಅಲ್ಲ. ಎಸ್‌ಪಿಎಫ್ ಹೇಳುವುದು ಕಿರಣದ ಪ್ರಮಾಣವನ್ನು, ಗಡಿಯಾರದ ಹೊತ್ತನ್ನಲ್ಲ.

ಅಳತೆ: ಇಡೀ ಪಾಠದ ತಿರುಳು ಇಲ್ಲಿದೆ

ಲ್ಯಾಬಿನಲ್ಲಿ ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚುತ್ತಾರೆ. ಟ್ಯೂಬಿನ ಮೇಲಿನ ಅಂಕಿ ನಿಜವಾಗುವುದು ಅಷ್ಟು ಹಚ್ಚಿದಾಗ ಮಾತ್ರ. ಮನೆಯಲ್ಲಿ ಜನ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧದಷ್ಟು. ಅಳತೆ ಅರ್ಧವಾದರೆ ರಕ್ಷಣೆಯೂ ಸರಿಸುಮಾರು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. 50 ಎಂದು ಕೊಂಡದ್ದು 20–25ರ ಕೆಲಸ ಮಾಡುತ್ತದೆ. ನಮ್ಮ ಬಿಸಿಲಿಗೆ 30ಕ್ಕಿಂತ 50ನ್ನೇ ಕೊಳ್ಳಿ ಎಂದು ಹೇಳಲು ಮುಖ್ಯ ಕಾರಣವೂ ಇದೇ: ಕೈ ಬಿಗಿಹಿಡಿದು ಹಚ್ಚುವ ಅಭ್ಯಾಸಕ್ಕೆ ಅಷ್ಟಾದರೂ ಅವಕಾಶ ಉಳಿಯುತ್ತದೆ.

ಲೆಕ್ಕ ಮಾಡಿ ನೋಡೋಣ. ವಯಸ್ಕರ ಮುಖ ಸುಮಾರು 600 ಚದರ ಸೆಂ.ಮೀ. ಎಂದುಕೊಂಡರೆ 1.2 ಗ್ರಾಂ ಬೇಕು. ಕಿವಿ ಮತ್ತು ಕತ್ತು ಸೇರಿದರೆ 2 ಗ್ರಾಂ ಹತ್ತಿರ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು 25 ದಿನಕ್ಕೆ ಮುಗಿಯಬೇಕು. ಒಬ್ಬರೇ ದಿನವೂ ಬಳಸುವ ಟ್ಯೂಬು ಆರು ತಿಂಗಳು ಬಂದಿದೆಯೆಂದರೆ ಹಚ್ಚುತ್ತಿರುವುದು ತೀರಾ ಕಡಿಮೆ.

ದಿನಾ ತಕ್ಕಡಿ ಹಿಡಿಯಲಾಗದು. ಅದಕ್ಕೆ ಎರಡು ಬೆರಳಿನ ಅಳತೆ ಇದೆ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖಕ್ಕೂ ಕತ್ತಿಗೂ ಸೇರಿ ಇಷ್ಟು. ಗೆರೆ ನೂಲಿನಷ್ಟು ಸಣ್ಣಗಿದ್ದರೆ ಲೆಕ್ಕಕ್ಕಿಲ್ಲ, ಟ್ಯೂಬಿನ ಬಾಯಿಯಷ್ಟು ದಪ್ಪ ಇರಬೇಕು. ನೀರಿನಂತೆ ಹರಿಯುವ ದ್ರವವಾದರೆ ಬೆರಳಲ್ಲಿ ನಿಲ್ಲದು, ಅರ್ಧ ಟೀ ಚಮಚ ತುಂಬ ತೆಗೆದುಕೊಳ್ಳಿ. ಅರ್ಧ ತೋಳಿನ ಬಟ್ಟೆ ಹಾಕಿದ್ದರೆ ಒಂದೊಂದು ತೋಳಿಗೂ ಸುಮಾರು ಒಂದು ಟೀ ಚಮಚ.

ಎಲ್ಲವನ್ನೂ ಒಟ್ಟಿಗೆ ಮೆತ್ತಿದರೆ ಸಮನಾಗಿ ಹರಡುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವ ಹಾಗೆ ಎರಡು ಕೈ ಎಳೆಯಿರಿ: ಮೊದಲು ಒಂದು ಬೆರಳಿನದು, ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಬೆರಳಿನದು. ಎರಡನೆಯ ಸಲ ಮೊದಲ ಕೈಗೆ ತಪ್ಪಿದ ಜಾಗ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ತಪ್ಪುವ ಜಾಗಗಳು ಕಿವಿಯ ಮೇಲಂಚು, ದವಡೆಯ ಕೆಳಗೆ, ಕತ್ತಿನ ಹಿಂಭಾಗ, ಹುಬ್ಬಿನ ಮೇಲಿನ ಕೂದಲಂಚು, ಮೂಗಿನ ಪಕ್ಕ. ಬೈತಲೆಯೂ ಬಿಸಿಲಿಗೆ ತೆರೆದೇ ಇರುತ್ತದೆ.

ಹಣದ ಲೆಕ್ಕವೂ ಇದರಿಂದ ಬದಲಾಗುತ್ತದೆ. ₹500ರ 50 ಗ್ರಾಂ ಟ್ಯೂಬಿನಲ್ಲಿ ದಿನಕ್ಕೆ ₹20 ಖರ್ಚು. ಬೆಲೆ ನೋಡಿ ಬೆರಳಲ್ಲಿ ಹೆಸರುಕಾಳಿನಷ್ಟು ಹಚ್ಚುವ ದುಬಾರಿ ಕ್ರೀಮಿಗಿಂತ, ಧಾರಾಳವಾಗಿ ಹಚ್ಚಲು ಕೈಗೆಟುಕುವ ಸಾಧಾರಣ ಕ್ರೀಮೇ ಲೇಸು. ಅಂಗಡಿಯಲ್ಲಿ ಟ್ಯೂಬಿನ ಬೆಲೆ ಬದಲು ಗ್ರಾಂ ಬೆಲೆ ಹೋಲಿಸಿ. ಎಸ್‌ಪಿಎಫ್ ಇದೆ ಎನ್ನುವ ಫೌಂಡೇಶನ್, ಪೌಡರ್ ಇವನ್ನೇ ನಂಬಿ ಹೊರಡಬೇಡಿ. ಆ ಅಳತೆಯ ಪೌಡರ್ ಯಾರೂ ಮುಖಕ್ಕೆ ಹಚ್ಚುವುದಿಲ್ಲ. ಎಸ್‌ಪಿಎಫ್ 20ರ ಕ್ರೀಮಿನ ಮೇಲೆ 30 ಹಚ್ಚಿದರೆ 50 ಆಗುವುದೂ ಇಲ್ಲ.

ಯಾವುದನ್ನು ಆರಿಸಬೇಕು

ಖನಿಜ ಸನ್‌ಸ್ಕ್ರೀನ್‌ನಲ್ಲಿ ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುತ್ತವೆ. ಇವು ಕಿರಣವನ್ನು ಬರೀ ಹಿಂದಕ್ಕೆ ಚಿಮ್ಮಿಸುತ್ತವೆ ಎಂದು ಹಳೆಯ ಪಾಠಗಳಲ್ಲಿ ಇರುತ್ತದೆ. ನಿಜಕ್ಕೂ ಇವು ಮಾಡುವ ಹೆಚ್ಚಿನ ಕೆಲಸ ಹೀರಿಕೊಳ್ಳುವುದೇ. ಸೂಕ್ಷ್ಮ ಚರ್ಮಕ್ಕೆ, ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಮೊದಲ ಆಯ್ಕೆ ಇವು. ತೊಂದರೆ ಎಂದರೆ ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ, ಹಾಗಾಗಿ ಜನ ತೆಳ್ಳಗೆ ಹಚ್ಚುತ್ತಾರೆ, ಅಳತೆ ಕೆಡುತ್ತದೆ.

ಇನ್ನೊಂದು ಬಗೆ ಸಾವಯವ ಫಿಲ್ಟರುಗಳು, ಅಂದರೆ ಕಿರಣ ತಡೆಯುವ ಇಂಗಾಲದ ರಾಸಾಯನಿಕಗಳು. ಇವುಗಳಲ್ಲಿ ಹಳೆಯದು ಅವೊಬೆನ್‌ಝೋನ್. ಯುವಿಎಗೆ ಒಳ್ಳೆಯದು, ಆದರೆ ಬೆಳಕಿಗೆ ತಾನೇ ಒಡೆಯುತ್ತದೆ. ಆಕ್ಟಿನಾಕ್ಸೇಟ್ ಜೊತೆಗಿದ್ದರೆ ಇನ್ನೂ ಬೇಗ, ಆಕ್ಟೊಕ್ರಿಲೀನ್ ಜೊತೆಗಿದ್ದರೆ ತಡವಾಗಿ. ಟಿನೊಸಾರ್ಬ್ ಎಸ್, ಯುವಿನುಲ್ ಎ ಪ್ಲಸ್ ಎಂಬ ಹೊಸ ಫಿಲ್ಟರುಗಳು ಬೆಳಕಿಗೆ ಗಟ್ಟಿಯಾಗಿ ನಿಲ್ಲುತ್ತವೆ. ಲೇಬಲ್ಲಿನಲ್ಲಿ ಇವು ಇದ್ದರೆ ಆಯ್ಕೆ ಸುಲಭ.

ಬಂಗು ಇರುವವರಿಗೆ ಇನ್ನೊಂದು ಮಾತು. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ನೀಲಿ-ನೇರಳೆ ಬೆಳಕೂ ಕಪ್ಪು ಹೆಚ್ಚಿಸುತ್ತದೆ, ಅದನ್ನು ಬಣ್ಣವಿಲ್ಲದ ಸನ್‌ಸ್ಕ್ರೀನ್ ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬೂದಿ ಬಣ್ಣದ ತೊಂದರೆಯೂ ಇದರಲ್ಲಿ ಕಡಿಮೆ.

ಕರಾವಳಿಯ ಸೆಕೆಗೆ, ಎಣ್ಣೆ ಚರ್ಮಕ್ಕೆ ಜೆಲ್ ಅಥವಾ ತೆಳು ದ್ರವ. ಬಯಲುಸೀಮೆಯ ಒಣ ಹವೆಗೆ, ಚಳಿಗಾಲಕ್ಕೆ ಕ್ರೀಮ್. ಬೆವರುವ ಕೆಲಸವಿದ್ದರೆ 'ವಾಟರ್ ರೆಸಿಸ್ಟೆಂಟ್' ಎಂಬುದನ್ನು ನೋಡಿ. 40 ಅಥವಾ 80 ನಿಮಿಷ ಎಂದು ಬರೆದಿದ್ದರೆ ನೀರಿನಲ್ಲಿ ಅಷ್ಟು ಹೊತ್ತು ಉಳಿಯುತ್ತದೆ ಎಂದರ್ಥ.

ಬೆಳಗಿನ ಕ್ರಮ, ಹಗಲಿನ ಮರುಲೇಪ

ಮುಖ ತೊಳೆದು, ಬೇಕಿದ್ದರೆ ಮಾಯಿಶ್ಚರೈಸರ್ ಹಚ್ಚಿ, ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್. ಎಣ್ಣೆ ಚರ್ಮದವರು ಮಾಯಿಶ್ಚರೈಸರ್ ಬಿಡಬಹುದು. ಹೊರಡುವ 15–20 ನಿಮಿಷ ಮೊದಲು ಹಚ್ಚಿದರೆ ಪದರ ಸರಿಯಾಗಿ ಕೂರುತ್ತದೆ. ಕುಂಕುಮ, ಬಿಂದಿ, ಮೇಕಪ್ ಎಲ್ಲ ಅದು ಒಣಗಿದ ಮೇಲೆ. ಕೆಳಗೆ ಕೊಬ್ಬರಿ ಎಣ್ಣೆ ಸವರಿದ್ದರೆ ಸನ್‌ಸ್ಕ್ರೀನ್ ನಿಲ್ಲದೆ ಜಾರುತ್ತದೆ. ಎಣ್ಣೆಯನ್ನು ರಾತ್ರಿಗೆ ಇಟ್ಟುಕೊಳ್ಳಿ.

ಹೊರಗೆ ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲಂತೂ ತಪ್ಪದೆ, ಮತ್ತೆ ಹಚ್ಚಬೇಕು. ಕರವಸ್ತ್ರದಲ್ಲಿ ಉಜ್ಜಿದರೆ ಪದರವೂ ಬರುತ್ತದೆ. ಒತ್ತಿ ಬೆವರು ಹೀರಿಸಿ, ಆಮೇಲೆ ಹಚ್ಚಿ. ಕಿಟಕಿಯಿಂದ ದೂರ, ಕಚೇರಿಯೊಳಗೇ ದಿನ ಕಳೆಯುವವರಿಗೆ ಎರಡು ಗಂಟೆಯ ನಿಯಮ ಬೇಕಿಲ್ಲ. ಮಧ್ಯಾಹ್ನ ಊಟಕ್ಕೋ ಸಂಜೆ ಬಿಸಿಲಿಗೋ ಹೊರಡುವ ಮುನ್ನ ಒಂದು ಸಲ ಸಾಕು. ಕಿಟಕಿಯ ಪಕ್ಕ ಕೂರುವವರು ಮಾತ್ರ ಎಚ್ಚರ: ಸಾಮಾನ್ಯ ಗಾಜು ಯುವಿಬಿ ತಡೆದರೂ ಯುವಿಎ ಬಿಡುತ್ತದೆ. ಕಾರಿನ ಮುಂಗಾಜು ಪದರದ ಗಾಜಾದ್ದರಿಂದ ಬಹುಪಾಲು ಯುವಿಎ ತಡೆಯುತ್ತದೆ, ಪಕ್ಕದ ಕಿಟಕಿ ಹಾಗಲ್ಲ. ದಿನವಿಡೀ ಓಡಿಸುವ ಚಾಲಕರ ಬಲಗೈ ಎಡಗೈಗಿಂತ ಕಪ್ಪಾಗುವುದು ಇದರಿಂದ.

ರಾತ್ರಿ ಸೌಮ್ಯ ಫೇಸ್‌ವಾಶ್‌ನಿಂದ ತೊಳೆದರೆ ಸಾಮಾನ್ಯ ಸನ್‌ಸ್ಕ್ರೀನ್ ಹೋಗುತ್ತದೆ. ವಾಟರ್ ರೆಸಿಸ್ಟೆಂಟ್ ಆಗಿದ್ದರೆ ಎರಡು ಸಲ.

ಎಲ್ಲಿ ಕೆಡುತ್ತದೆ, ಯಾಕೆ

ಉಜ್ಜಿದಾಗ ಉಂಡೆ ಉಂಡೆಯಾಗಿ ಏಳುವುದು: ಕೆಳಗಿನ ಮಾಯಿಶ್ಚರೈಸರ್ ಒಣಗಿಲ್ಲ, ಅಥವಾ ಎರಡರ ಸಿಲಿಕೋನ್-ಪಾಲಿಮರ್ ಹೊಂದುತ್ತಿಲ್ಲ. ಅಂತರ ಹೆಚ್ಚಿಸಿ, ಉಜ್ಜದೆ ತಟ್ಟಿ ಹಚ್ಚಿ. ಆಗಲೂ ಎದ್ದರೆ ಎರಡರಲ್ಲಿ ಒಂದನ್ನು ಬದಲಿಸಿ.

ಕಣ್ಣು ಉರಿ: ಬೆವರಿನೊಂದಿಗೆ ಸಾವಯವ ಫಿಲ್ಟರ್ ಕಣ್ಣಿಗಿಳಿಯುತ್ತದೆ. ಹಣೆಗೆ, ಕಣ್ಣಿನ ಸುತ್ತ ಝಿಂಕ್ ಸ್ಟಿಕ್ ಬಳಸಿ.

ಬಿಳಿ ಅಂಗಿಯ ಕಾಲರಿಗೆ ಒಗೆದ ಮೇಲೆ ತುಕ್ಕಿನಂಥ ಕಲೆ: ಅವೊಬೆನ್‌ಝೋನ್ ಬೋರ್‌ವೆಲ್ ನೀರಿನ ಕಬ್ಬಿಣದೊಂದಿಗೆ ಸೇರಿ ಆದದ್ದು. ಲೇಬಲ್ಲಿನಲ್ಲಿ ಇದರ ಹೆಸರು ಬ್ಯೂಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್ ಎಂದಿರುತ್ತದೆ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಾಢವಾಗುತ್ತದೆ. ನಿಂಬೆರಸ ಅಥವಾ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ ಒಗೆಯಿರಿ.

ಇದೇ ನಿಂಬೆರಸವನ್ನು ಕಪ್ಪು ಹೋಗಲೆಂದು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವ ರೂಢಿ ಅಪಾಯಕಾರಿ. ಅದರಲ್ಲಿನ ಫ್ಯೂರೊಕೌಮರಿನ್ ಎಂಬ ರಾಸಾಯನಿಕ ಯುವಿಎ ತಾಗಿದಾಗ ಬೊಬ್ಬೆ ಎಬ್ಬಿಸುತ್ತದೆ, ಗಾಯ ಮಾಗಿದ ಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ವೈದ್ಯರನ್ನು ಕೇಳಿ, ರಕ್ಷಣೆ ಹೆಚ್ಚಿಸಿ.

ಸ್ಕೂಟರ್ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಸನ್‌ಸ್ಕ್ರೀನ್ ಇಡುವ ಜಾಗವಲ್ಲ. ತೀರಾ ಕಾದರೆ ಎಣ್ಣೆ-ನೀರು ಬೇರೆಯಾಗಿ ಫಿಲ್ಟರು ಸಮನಾಗಿ ಹರಡುವುದಿಲ್ಲ. ಹಿಂಡಿದಾಗ ಮೊದಲು ನೀರು, ಆಮೇಲೆ ಗಟ್ಟಿ ಬಂದರೆ ಎಸೆಯಿರಿ.

ಬಟ್ಟೆ, ಮಕ್ಕಳು, ಬಿಸಿಲಲ್ಲೇ ದುಡಿಯುವವರು

ಆಸ್ಟ್ರೇಲಿಯಾದ ನ್ಯಾಂಬೂರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಅಧ್ಯಯನದಲ್ಲಿ, ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಗೆಡ್ಡೆಗಳು ಸುಮಾರು ಶೇ. 40 ಕಡಿಮೆಯಾದವು. ಅದು ಬಿಳಿ ಚರ್ಮದವರ ಊರು. ಕಂದು ಚರ್ಮದ ನಮ್ಮಲ್ಲಿ ಆ ಕ್ಯಾನ್ಸರ್ ಮೊದಲೇ ಕಡಿಮೆ. ಹಾಗಾಗಿ ಅಲ್ಲಿನ ಹೆದರಿಕೆಯನ್ನು ಹಾಗೇ ಇಲ್ಲಿಗೆ ತರುವುದು ಸರಿಯಲ್ಲ. ತೊನ್ನು ಇರುವ ಜಾಗಕ್ಕೆ ಮಾತ್ರ ಕಪ್ಪುಬಣ್ಣದ ಕಾವಲಿಲ್ಲ, ಅಲ್ಲಿ ರಕ್ಷಣೆ ಬೇಕೇ ಬೇಕು.

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು.

ಹೊಲದಲ್ಲಿ, ಕಟ್ಟಡದಲ್ಲಿ, ರಸ್ತೆ ಗುಡಿಸುವಲ್ಲಿ, ಡೆಲಿವರಿಯಲ್ಲಿ ಇಡೀ ದಿನ ಬಿಸಿಲುಣ್ಣುವವರಿಗೆ ಮೈಪೂರ್ತಿ ಸನ್‌ಸ್ಕ್ರೀನ್ ಎಂದು ಬೋಧಿಸುವುದು ನ್ಯಾಯವಲ್ಲ, ಆ ಖರ್ಚು ಯಾರ ಕೂಲಿಯಲ್ಲೂ ಹೊರಡದು. ಅವರಿಗೆ ಮೊದಲು ಬಟ್ಟೆ: ಒತ್ತಾಗಿ ನೇಯ್ದ, ಗಾಢ ಬಣ್ಣದ ಪೂರ್ತಿ ತೋಳಿನ ಅಂಗಿ, ಏಳೆಂಟು ಸೆಂ.ಮೀ. ಅಂಚಿನ ಟೋಪಿ, ಕತ್ತಿಗೆ ಟವೆಲ್. ಸವೆದ ಬಿಳಿ ಬನಿಯನ್ ಬಟ್ಟೆ ಕಿರಣ ಬಿಡುತ್ತದೆ, ಹತ್ತಿ ಒದ್ದೆಯಾದರೆ ಇನ್ನೂ ಹೆಚ್ಚು. ಅಂಗಿಯನ್ನು ಬೆಳಕಿಗೆ ಹಿಡಿದಾಗ ಆಚೆ ಕಡೆಯ ಕೈ ಕಂಡರೆ ಬೇರೆ ಅಂಗಿ ನೋಡಿ. ಕೊಂಡ ಸಣ್ಣ ಟ್ಯೂಬನ್ನು ಬಟ್ಟೆ ಮುಚ್ಚಲಾರದ ಮೂಗು, ಕೆನ್ನೆಯೆಲುಬು, ತುಟಿಯಂಚು, ಮುಂಗೈ ಇಷ್ಟಕ್ಕೇ ಮೀಸಲಿಟ್ಟರೆ ಪೂರ್ತಿ ಅಳತೆಯಲ್ಲಿ ಹಚ್ಚಲು ಸಾಕಾಗುತ್ತದೆ. ಊಟಕ್ಕೆ ಕೈ ತೊಳೆದ ಮೇಲೆ ಮುಂಗೈಗೆ ಇನ್ನೊಮ್ಮೆ ಹಚ್ಚಬೇಕು.