080 ಹೋಗಿ 80 ಆದಾಗ: ಪಾರ್ಸರ್‌ನ ದಾಖಲೆಯನ್ನು ಪರಿಶೀಲಿಸುವವರಿಗೆ

ಬೆಂಗಳೂರಿನ ಎಸ್‌ಟಿಡಿ ಕೋಡ್ 080. ಎಸ್‌ಟಿಡಿ ಕೋಡುಗಳಿಗೆಂದೇ ಒಂದು ಕಾಲಂ ಇರುವ ಸಿಎಸ್‌ವಿ ಕಡತವನ್ನು (ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಪೈಥಾನ್ ಭಾಷೆಯ ದತ್ತಾಂಶ ಸಾಧನವಾದ ಪಾಂಡಾಸ್‌ಗೆ ಬೇರಾವ ಸೂಚನೆಯನ್ನೂ ಕೊಡದೆ ಓದಿಸಿದರೆ ಆ 080 ಬರಿಯ 80 ಆಗುತ್ತದೆ, ಮೈಸೂರಿನ 0821 ಬರಿಯ 821 ಆಗುತ್ತದೆ. ಎಚ್ಚರಿಕೆಯ ಒಂದು ಸಾಲೂ ಪರದೆಯ ಮೇಲೆ ಬರುವುದಿಲ್ಲ, ಏಕೆಂದರೆ ಪಾರ್ಸರ್‌ನ, ಅಂದರೆ ಕಡತವನ್ನು ಓದಿ ಬಿಡಿಸುವ ಭಾಗದ, ಲೆಕ್ಕದಲ್ಲಿ ಇಲ್ಲಿ ತಪ್ಪೇ ನಡೆದಿಲ್ಲ: ಕಾಲಮಿನ ತುಂಬ ಅಂಕಿಗಳಿದ್ದವು, ಆದ್ದರಿಂದ ಅದು ಪೂರ್ಣಾಂಕಗಳ ಕಾಲಂ ಎಂದು ತೀರ್ಮಾನಿಸಿತು. ಮುಕ್ತ ತಂತ್ರಾಂಶಗಳ ದಾಖಲೆಗಳನ್ನು, ಅಂದರೆ ಅವುಗಳ ಬಳಕೆಯನ್ನು ವಿವರಿಸುವ ಪುಟಗಳನ್ನು, ಪರಿಶೀಲಿಸಲು ಕುಳಿತಾಗ ನಾನು ಮೊದಲು ಹುಡುಕುವುದು ಇಂಥ ತೀರ್ಮಾನಗಳನ್ನೇ. ಕೇಳಿದ್ದನ್ನು ಪಾರ್ಸರ್ ಹೇಗೆ ಮಾಡುತ್ತದೆ ಎಂಬುದು ಹೇಗೂ ಬರೆದಿರುತ್ತದೆ. ಕೇಳದೆಯೇ ಏನು ಮಾಡುತ್ತದೆ ಎಂಬುದನ್ನು ಬರೆಯಿಸುವುದೇ ಪರಿಶೀಲಕನ ಕೆಲಸ.

ಸೌಲಭ್ಯವನ್ನು ಬರೆದವರೇ ಸಾಮಾನ್ಯವಾಗಿ ಅದರ ದಾಖಲೆಯನ್ನೂ ಬರೆಯುತ್ತಾರೆ. ಕೋಡ್ ಅವರ ತಲೆಯಲ್ಲಿ ಇನ್ನೂ ಬಿಸಿಯಾಗಿರುವುದರಿಂದ ‘ಡಿಲಿಮಿಟರ್: ಡಿಲಿಮಿಟರನ್ನು ಸೂಚಿಸುತ್ತದೆ’ ಎಂಬಂಥ ವಾಕ್ಯವೂ (ಡಿಲಿಮಿಟರ್ ಎಂದರೆ ಮೌಲ್ಯಗಳನ್ನು ಬೇರ್ಪಡಿಸುವ ಚಿಹ್ನೆ) ಅವರಿಗೆ ವಿವರಣೆಯಂತೆಯೇ ಕಾಣುತ್ತದೆ. ‘ಸಿಎಸ್‌ವಿಯನ್ನು ಬೆಂಬಲಿಸುತ್ತದೆ’ ಎಂಬುದೂ ಇದೇ ಜಾತಿಯ ಮಾತು. ಸಿಎಸ್‌ವಿ ದಶಕಗಳ ಕಾಲ ಬಳಕೆಯಲ್ಲಿದ್ದ ಮೇಲೆ, 2005ರ ಅಕ್ಟೋಬರ್‌ನಲ್ಲಿ, ಅದನ್ನು ವಿವರಿಸುವ ಆರ್‌ಎಫ್‌ಸಿ 4180 ಎಂಬ ಅಂತರ್ಜಾಲದ ತಾಂತ್ರಿಕ ಪತ್ರ ಬಂದಿತು. ಅದೂ ಮಾಹಿತಿಗಾಗಿ ಮಾತ್ರ, ಕಡ್ಡಾಯ ಮಾನದಂಡವಾಗಿ ಅಲ್ಲ. ಆದುದರಿಂದ ಯಾವ ಸಿಎಸ್‌ವಿ ಎಂದು ಕೇಳಲೇಬೇಕಾಗುತ್ತದೆ. ನಾನು ಹೀಗೆ ಕೇಳುವುದಕ್ಕೆ ಒಂದು ವಿಳಾಸವನ್ನು ಇಟ್ಟುಕೊಂಡಿದ್ದೇನೆ: ಮನೆ ಸಂಖ್ಯೆಯ ನಂತರ ಅಲ್ಪವಿರಾಮ, ಬಳಿಕ ಜೋಡಿ ಉಲ್ಲೇಖ ಚಿಹ್ನೆಗಳೊಳಗೆ ‘ಶ್ರೀನಿಲಯ’ ಎಂಬ ಮನೆಯ ಹೆಸರು, ಆಮೇಲೆ ಹೊಸ ಸಾಲಿನಲ್ಲಿ ಬಡಾವಣೆ. ಆರ್‌ಎಫ್‌ಸಿಯ ಪ್ರಕಾರ ಇಡೀ ವಿಳಾಸವನ್ನು ಉಲ್ಲೇಖ ಚಿಹ್ನೆಗಳೊಳಗೆ ಇಡಬೇಕು, ಮನೆಯ ಹೆಸರಿನ ಸುತ್ತಲಿನ ಪ್ರತಿ ಚಿಹ್ನೆಯನ್ನೂ ಎರಡೆರಡು ಬಾರಿ ಬರೆಯಬೇಕು. ಅಲ್ಪವಿರಾಮದ ಪಕ್ಕದ ಖಾಲಿ ಜಾಗವೂ ಮೌಲ್ಯದ ಭಾಗವೇ. ಕೆಲವು ತಂತ್ರಾಂಶಗಳು ಎರಡು ಬಾರಿ ಬರೆಯುವ ಬದಲು ಬ್ಯಾಕ್‌ಸ್ಲ್ಯಾಶ್ ಬಳಸುತ್ತವೆ. ಈ ಒಂದು ವಿಳಾಸ ಉದಾಹರಣೆಯಾಗಿ ದಾಖಲೆಯೊಳಗೆ ಬಂದರೆ ಅರ್ಧ ಪುಟದ ವಿವರಣೆ ಬರೆಯುವ ಶ್ರಮ ತಪ್ಪುತ್ತದೆ.

ಪೈಥಾನ್‌ನ ಸ್ವಂತ ಸಿಎಸ್‌ವಿ ಮಾಡ್ಯೂಲಿನ ದಾಖಲೆ ಈ ವಿಷಯದಲ್ಲಿ ಪ್ರಾಮಾಣಿಕವಾದುದು. ಪ್ರತಿ ಸಾಲೂ ಸ್ಟ್ರಿಂಗ್‌ಗಳ (ಪಠ್ಯದ ತುಣುಕುಗಳ) ಪಟ್ಟಿಯಾಗಿ ಬರುತ್ತದೆ, ನಿರ್ದಿಷ್ಟ ಆಯ್ಕೆಯನ್ನು ಕೊಡದ ಹೊರತು ತಾನಾಗಿ ಯಾವ ಪರಿವರ್ತನೆಯೂ ನಡೆಯುವುದಿಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ಅಲ್ಲಿ 080 ಕಡೆಯವರೆಗೂ 080 ಆಗಿಯೇ ಇರುತ್ತದೆ. ಆದರೆ ಅದೇ ದಾಖಲೆಯಲ್ಲಿ, ಕಡತವನ್ನು ತೆರೆಯುವಾಗ ನ್ಯೂಲೈನ್ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಡಬೇಕು ಎಂಬ ಸೂಚನೆಯ ಕಾರಣವನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ವಿಂಡೋಸ್‌ನಲ್ಲಿ ಮೊದಲ ಬಾರಿ ಸಿಎಸ್‌ವಿ ಬರೆದು, ಸಾಲಿಗೊಂದು ಖಾಲಿ ಸಾಲು ಬಂದುದನ್ನು ಕಂಡು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿ ಆ ಅಡಿಟಿಪ್ಪಣಿಯವರೆಗೆ ಇಳಿಯುವುದು ಅಪರೂಪ. ನಾನಾಗಿದ್ದರೆ ಅದನ್ನು ಮೊದಲ ಉದಾಹರಣೆಯ ಪಕ್ಕಕ್ಕೇ ತರುತ್ತಿದ್ದೆ.

ಬರೆದಿರುವುದೂ ಕಾಣದೆ ಹೋಗುವುದಕ್ಕೆ ಇನ್ನೂ ಒಳ್ಳೆಯ ನಿದರ್ಶನ ನಮ್ಮ ಉತ್ತರ ಕರ್ನಾಟಕದ ಕಡೆಯೇ ಸಿಗುತ್ತದೆ. ಅಲ್ಲಿ ಕೃಷಿಯೇತರವೆಂದು ಪರಿವರ್ತನೆಯಾದ ಜಮೀನಿಗೆ ‘ಎನ್‌ಎ ಪ್ಲಾಟ್’ ಎನ್ನುವುದು ಬಾಯಿಮಾತಿನಲ್ಲಿ ರೂಢಿಯಾಗಿದೆ. ಜಮೀನಿನ ಬಗೆಯನ್ನು ಹೇಳುವ ಕಾಲಮಿನಲ್ಲಿ ಈ ಎರಡು ಇಂಗ್ಲಿಷ್ ಅಕ್ಷರಗಳನ್ನು ಬರೆದ ಕಡತವನ್ನು ಪಾಂಡಾಸ್ ಓದಿದರೆ ಅಂಥ ಪ್ರತಿ ಪ್ಲಾಟಿನ ಮುಂದೆಯೂ ‘ಮಾಹಿತಿ ಇಲ್ಲ’ ಎಂದೇ ದಾಖಲಾಗುತ್ತದೆ, ಏಕೆಂದರೆ ಆ ಜೋಡಿ ಅಕ್ಷರ ಅದರ ಪೂರ್ವನಿಗದಿತ ಕಾಣೆಯಾದ ಮೌಲ್ಯಗಳ ಪಟ್ಟಿಯಲ್ಲಿದೆ. ನಮೀಬಿಯಾದ ಎರಡಕ್ಷರದ ದೇಶಸಂಕೇತಕ್ಕೂ ಇದೇ ಗತಿ. ಪಟ್ಟಿ ದಾಖಲೆಯಲ್ಲಿ ಪೂರ್ತಿಯಾಗಿಯೇ ಇದೆ, ಅದನ್ನು ಬೇಡವೆನ್ನುವ ಆಯ್ಕೆಯೂ ಇದೆ. ಆದರೆ ಹತ್ತಾರು ಪ್ಯಾರಾಮೀಟರುಗಳ (ಬಳಕೆದಾರ ಕೊಡಬಹುದಾದ ಆಯ್ಕೆಗಳ) ನಡುವೆ ಒಂದರ ವಿವರಣೆಯಲ್ಲಿ ಅದು ಕುಳಿತಿರುವುದರಿಂದ, ಆ ಪ್ಯಾರಾಮೀಟರನ್ನು ಬಳಸುವ ಅಗತ್ಯವೇ ಇಲ್ಲದವನಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಡೀಫಾಲ್ಟ್ ಆಗಿ, ಅಂದರೆ ಏನೂ ಹೇಳದಿದ್ದಾಗ ತಾನಾಗಿ, ನಡೆಯುವುದನ್ನು ಪುಟದ ಆರಂಭದಲ್ಲೇ ಒಂದು ಪ್ಯಾರಾದಲ್ಲಿ ಹೇಳಿಬಿಡಿ ಎಂದು ನಾನು ಪರಿಶೀಲನೆಯಲ್ಲಿ ಹಠ ಹಿಡಿಯುವುದು ಇದಕ್ಕಾಗಿ.

ಉದಾಹರಣೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ದಿನಾಂಕವನ್ನು ಓದುವ ಸೌಲಭ್ಯಕ್ಕೆ 05/05 ಎಂಬ ಉದಾಹರಣೆ ಕೊಟ್ಟವರನ್ನು ಕಂಡಿದ್ದೇನೆ. ಅದರಿಂದ ದಿನ ಮೊದಲೋ ತಿಂಗಳು ಮೊದಲೋ ಎಂದು ದೇವರಿಗೂ ತಿಳಿಯದು. 03/04 ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. 2023ರಲ್ಲಿ ಬಂದ ಪಾಂಡಾಸ್ 2.0ಕ್ಕಿಂತ ಮೊದಲು ಅದರ ದಿನಾಂಕ ಪರಿವರ್ತನೆ ಪ್ರತಿ ಮೌಲ್ಯವನ್ನೂ ಬೇರೆಬೇರೆಯಾಗಿ ಊಹಿಸುತ್ತಿತ್ತು. ಹೀಗಾಗಿ ಒಂದೇ ಕಾಲಮಿನಲ್ಲಿ 03/04 ಮಾರ್ಚ್ ನಾಲ್ಕಾಗಿ, ಅದರ ಕೆಳಗಿನ 13/04 ಏಪ್ರಿಲ್ ಹದಿಮೂರಾಗಿ ನಿಲ್ಲುತ್ತಿದ್ದವು. ಈಗ ಮೊದಲ ಮೌಲ್ಯದಿಂದ ಊಹಿಸಿದ ಕ್ರಮವನ್ನೇ ಎಲ್ಲಕ್ಕೂ ಅನ್ವಯಿಸಿ, ಹೊಂದದಿದ್ದರೆ ದೋಷ ತೋರಿಸುತ್ತದೆ. ದಿನ ಮೊದಲು ಎಂಬ ಆಯ್ಕೆ ಕಟ್ಟುನಿಟ್ಟಾದುದಲ್ಲ, ಅದು ಬರಿಯ ಒಲವು ಎಂದೂ ಅದರ ದಾಖಲೆ ಒಪ್ಪಿಕೊಂಡಿದೆ. ತನ್ನ ದೌರ್ಬಲ್ಯವನ್ನು ತಾನೇ ಹೇಳುವ ಇಂಥ ವಾಕ್ಯಗಳನ್ನು ತೆಗೆದುಹಾಕಲು ಯಾರಾದರೂ ಪ್ಯಾಚ್ (ತಿದ್ದುಪಡಿ) ಕಳಿಸಿದರೆ ನಾನು ಒಪ್ಪುವುದಿಲ್ಲ.

ಕನ್ನಡದ ದತ್ತಾಂಶವನ್ನು ಒಮ್ಮೆ ಓದಿಸಿ ನೋಡುವುದೂ ನನ್ನ ಅಭ್ಯಾಸ. ‘ಸಂಖ್ಯೆಗಳನ್ನು ಓದುತ್ತದೆ’ ಎಂದಿದ್ದರೆ ೧೨೩ ಅನ್ನು ಕೊಡುತ್ತೇನೆ: ಪೈಥಾನ್ ಅದನ್ನು ಪೂರ್ಣಾಂಕವಾಗಿ ಸಲೀಸಾಗಿ ಸ್ವೀಕರಿಸುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಎಕ್ಸೆಲ್‌ನಿಂದ ಯುಟಿಎಫ್-8 (ಎಲ್ಲ ಲಿಪಿಗಳ ಅಕ್ಷರಗಳನ್ನೂ ಉಳಿಸಬಲ್ಲ ಎನ್‌ಕೋಡಿಂಗ್, ಅಂದರೆ ಅಕ್ಷರಸಂಕೇತ ಪದ್ಧತಿ) ಸಿಎಸ್‌ವಿಯಾಗಿ ಉಳಿಸಿದ ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಪೈಥಾನ್‌ನಲ್ಲಿ ಸಾದಾ ಯುಟಿಎಫ್-8 ಎಂದು ತೆರೆದು ಸಿಎಸ್‌ವಿ ಮಾಡ್ಯೂಲಿಗೆ ಕೊಟ್ಟರೆ ಆ ಗುರುತು ಮೊದಲ ಕಾಲಮಿನ ಶೀರ್ಷಿಕೆಗೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ‘ಹೆಸರು’ ಎಂಬ ಕಾಲಂ ಕಾಣುತ್ತಿದ್ದರೂ ಆ ಹೆಸರಿನ ಕಾಲಂ ಇಲ್ಲವೆಂಬ ದೋಷ ಬರುತ್ತದೆ. ಗುರುತನ್ನು ತೆಗೆದು ಓದುವ ಎನ್‌ಕೋಡಿಂಗ್ ಬೇರೆಯೇ ಇದೆ, ಅದರ ಹೆಸರನ್ನು ದಾಖಲೆ ಹೇಳಿದರೆ ಸಾಕು.

ಅಭಿಪ್ರಾಯ ಬರೆಯುವಾಗ ‘ಸ್ಪಷ್ಟವಾಗಿಲ್ಲ’ ಎಂಬ ಪದವನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಕೊಟ್ಟ ಸಾಲು, ಬಂದ ಫಲಿತ, ದಾಖಲೆಯ ಯಾವ ವಾಕ್ಯದಿಂದ ನಾನು ಬೇರೆಯದನ್ನು ನಿರೀಕ್ಷಿಸಿದ್ದೆ, ಇಷ್ಟನ್ನೇ ಬರೆಯುತ್ತೇನೆ. ಒಂದು ಸಣ್ಣ ಯೋಜನೆಯಲ್ಲಿ ಶೀರ್ಷಿಕೆಯಲ್ಲಿ ಐದು ಕಾಲಂ ಇದ್ದು ಕೆಳಗಿನ ಸಾಲಿನಲ್ಲಿ ಮೂರೇ ಮೌಲ್ಯಗಳಿದ್ದ ಕಡತವನ್ನು ಹೀಗೆ ಮುಂದಿಟ್ಟಿದ್ದೆ. ಪಾರ್ಸರ್ ಉಳಿದೆರಡನ್ನು ಸದ್ದಿಲ್ಲದೆ ಖಾಲಿ ತುಂಬಿತ್ತು. ಸೌಲಭ್ಯವನ್ನು ಬರೆದಿದ್ದ ಯುವಕ ‘ಮೌಲ್ಯಗಳು ಕಡಿಮೆಯಿರುವ ಸಾಲನ್ನು ಎಚ್ಚರಿಕೆ ನೀಡದೆ ಖಾಲಿ ಮೌಲ್ಯಗಳಿಂದ ತುಂಬಲಾಗುತ್ತದೆ’ ಎಂಬ ವಾಕ್ಯವನ್ನು ದಾಖಲೆಗೆ ಸೇರಿಸಿದ. ಮರುದಿನ ಅದನ್ನು ತಾನೇ ಹಿಂದಕ್ಕೆ ಪಡೆದು, ಸಾಲಿನ ಸಂಖ್ಯೆಯೊಂದಿಗೆ ಎಚ್ಚರಿಕೆ ಕೊಡುವಂತೆ ಕೋಡನ್ನೇ ತಿದ್ದಿ ಕಳಿಸಿದ.